ಹನ್ನೆರಡು ವೋಲ್ಟಿನ ಪಾಠ

2025ರ ಜನವರಿ 18ರ ಶನಿವಾರ ಸಂಜೆ ನಮ್ಮ ಕಾಲೇಜು ಮೈದಾನಕ್ಕೆ ಬಂದಿದ್ದವರಿಗೆಲ್ಲ ಅಂದು ಏನಾಯಿತೆಂದು ಗೊತ್ತು. ಬರದೇ ಇದ್ದವರಿಗೆ ಬಂದವರು ಹೇಳಿಯೇ ಇರುತ್ತಾರೆ. "ಟೆಲಿಸ್ಕೋಪ್ ಕೆಟ್ಟುಹೋಯಿತಂತೆ" ಎಂಬ ಸುದ್ದಿ ಸೋಮವಾರ ಬೆಳಗಿನ ಹೊತ್ತಿಗೆ ಕ್ಯಾಂಟೀನ್ ತಲುಪಿತ್ತು. ನಿಜ ಹೇಳಬೇಕೆಂದರೆ ಟೆಲಿಸ್ಕೋಪಿಗೆ ಏನೂ ಆಗಿರಲಿಲ್ಲ. ತಪ್ಪಿದ್ದು ನನ್ನ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿತು, ಅದನ್ನು ತಿದ್ದಿದವರು ಯಾರು ಎಂಬುದನ್ನು ಬರೆಯಬೇಕೆಂದು ಭೌತಶಾಸ್ತ್ರದ ಮೇಡಂ ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಮುಂದಿನ ವರ್ಷ ವಿಜ್ಞಾನ ಸಂಘ ನಡೆಸುವ ತಮ್ಮ ತಂಗಿಯರಿಗೆ ಇದು ಉಪಯೋಗಕ್ಕೆ ಬಂದರೆ ಸಾಕು.

ನಮ್ಮ ಕಾಲೇಜಿನ ದೂರದರ್ಶಕ ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟದ್ದು. ಅದು ಕೂರುವ ಮೌಂಟ್‌ಗೆ ಎರಡು ಮೋಟಾರುಗಳಿವೆ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಚಂದ್ರನ ಅಗಲ ಅರ್ಧ ಡಿಗ್ರಿ. ಅಂದರೆ ಎರಡು ನಿಮಿಷದಲ್ಲಿ ಆಕಾಶ ಒಂದು ಚಂದ್ರನಷ್ಟು ಜಾರಿರುತ್ತದೆ. ನೂರು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಾಕಿದರೆ ನಮಗೆ ಕಾಣುವ ಜಾಗವೂ ಸುಮಾರು ಅಷ್ಟೇ. ಕೈಯಲ್ಲಿ ಹಿಡಿದು ತಿರುಗಿಸುವ ದೂರದರ್ಶಕವಾದರೆ, ಒಬ್ಬರು ನೋಡಿ ಮತ್ತೊಬ್ಬರು ಕಣ್ಣಿಡುವಷ್ಟರಲ್ಲಿ ಗುರು ಗ್ರಹ ಮಾಯ. ಮೋಟಾರಿದ್ದರೆ ಅದು ಆಕಾಶದ ಜೊತೆಗೇ ನಿಧಾನವಾಗಿ ತಿರುಗುತ್ತದೆ, ಸಾಲಿನಲ್ಲಿ ನೂರು ಜನ ನಿಂತರೂ ಗ್ರಹ ನಡುವಿನಲ್ಲೇ ಇರುತ್ತದೆ. ಆದರೆ ಅದಕ್ಕೆ ಕರೆಂಟು ಬೇಕು.

ಪ್ಲಗ್ ಪಾಯಿಂಟಿನಿಂದ ತಂತಿ ಎಳೆದರೆ ಆಯಿತಲ್ಲ ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಅಡ್ಡ ಬಂದದ್ದು ಧ್ರುವ ನಕ್ಷತ್ರ. ಮೌಂಟ್‌ನ ಅಕ್ಷವನ್ನು ಮೊದಲು ಧ್ರುವ ನಕ್ಷತ್ರದ ಕಡೆ ತಿರುಗಿಸಿ ನಿಲ್ಲಿಸಬೇಕು. ದಾವಣಗೆರೆಯ ಅಕ್ಷಾಂಶ ಸುಮಾರು ಹದಿನಾಲ್ಕೂವರೆ ಡಿಗ್ರಿ. ಹಾಗಾಗಿ ನಮ್ಮೂರಲ್ಲಿ ಧ್ರುವ ನಕ್ಷತ್ರವೂ ಉತ್ತರ ದಿಗಂತದಿಂದ ಅಷ್ಟೇ ಎತ್ತರದಲ್ಲಿರುತ್ತದೆ. ಮೈದಾನದ ಉತ್ತರಕ್ಕೆ ನಮ್ಮದೇ ಕಾಲೇಜಿನ ಮೂರಂತಸ್ತಿನ ಕಟ್ಟಡ. ಹತ್ತು ಮೀಟರ್ ಎತ್ತರದ ಕಟ್ಟಡದ ಮೇಲಿಂದ ಆ ನಕ್ಷತ್ರ ಇಣುಕಬೇಕಾದರೆ ಕಡಿಮೆಯೆಂದರೂ 40 ಮೀಟರ್ ದೂರ ಹೋಗಬೇಕು. ಆದ್ದರಿಂದ ನಾವು ಮೈದಾನದ ದಕ್ಷಿಣ ತುದಿಗೆ, ಬೇವಿನ ಮರದ ಹತ್ತಿರಕ್ಕೆ ಹೋದೆವು. ಅಲ್ಲಿ ಪ್ಲಗ್ ಇಲ್ಲ. ಕತ್ತಲಲ್ಲಿ ಮಕ್ಕಳು ಓಡಾಡುವ ಜಾಗದಲ್ಲಿ ಮೈದಾನದುದ್ದಕ್ಕೂ ಕರೆಂಟು ತಂತಿ ಎಳೆಯಲು ಪ್ರಾಂಶುಪಾಲರು ಒಪ್ಪಲಿಲ್ಲ. ಒಪ್ಪದೇ ಇದ್ದದ್ದೇ ಸರಿ.

ಬ್ಯಾಟರಿ ಹೊಂದಿಸುವ ಕೆಲಸವನ್ನು ನಾನು ಕೇಳಿ ಪಡೆದೆ. ಮೌಂಟ್ ಮೇಲೆ "11ರಿಂದ 15 ವೋಲ್ಟ್ ಡಿಸಿ" ಎಂದು ಬರೆದಿತ್ತು. ಕಂಪ್ಯೂಟರ್ ಲ್ಯಾಬಿನ ಯುಪಿಎಸ್‌ನಿಂದ ಬಿಚ್ಚಿಟ್ಟ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯೊಂದು ಬೀರುವಿನಲ್ಲಿತ್ತು. ಮಲ್ಟಿಮೀಟರ್ ಇಟ್ಟು ನೋಡಿದೆ, 12.6 ವೋಲ್ಟ್. ಮೌಂಟ್ ಚಾಲೂ ಮಾಡಿ ಅದು ಎಷ್ಟು ಪ್ರವಾಹ ಎಳೆಯುತ್ತದೆಂದು ಅಳೆದೆ, ಅರ್ಧ ಆಂಪಿಯರ್. ಏಳನ್ನು ಅರ್ಧದಿಂದ ಭಾಗಿಸಿದರೆ ಹದಿನಾಲ್ಕು ಗಂಟೆ. ನಮಗೆ ಬೇಕಾದದ್ದು ನಾಲ್ಕೇ ಗಂಟೆ. ಮೇಡಂ "ಸರಿಯಾಗಿ ನೋಡಿದೆಯಾ?" ಎಂದು ಕೇಳಿದರು. "ಮೂರು ಪಟ್ಟಿಗಿಂತ ಹೆಚ್ಚೇ ಇದೆ ಮೇಡಂ" ಎಂದೆ.

ನಮ್ಮ ಅಬ್ಬಾಗೆ ಪಿ.ಬಿ. ರಸ್ತೆಯ ಹತ್ತಿರ ಬ್ಯಾಟರಿ ಅಂಗಡಿಯಿದೆ. ಲಾರಿ, ಟ್ರ್ಯಾಕ್ಟರ್, ಆಟೋ, ಇನ್ವರ್ಟರ್ ಬ್ಯಾಟರಿಗಳ ರಿಪೇರಿ ಮತ್ತು ಚಾರ್ಜಿಂಗ್. ಇಪ್ಪತ್ತೆರಡು ವರ್ಷದಿಂದ ಅವರು ಅದೇ ಕೆಲಸ ಮಾಡುತ್ತಿದ್ದಾರೆ. ಅವರ ಯಾವ ಅಂಗಿಯಲ್ಲೂ ಆಸಿಡ್ ತಿಂದ ತೂತು ಇಲ್ಲದಿಲ್ಲ. ಹಾಗಿದ್ದರೂ ನಾನು ಅವರನ್ನು ಒಂದು ಮಾತು ಕೇಳಲಿಲ್ಲ. ಇದು ಭೌತಶಾಸ್ತ್ರ, ಅಬ್ಬಾ ಓದಿದ್ದು ಏಳನೇ ಕ್ಲಾಸು ಎಂದು ಮನಸ್ಸಿನಲ್ಲಿ ಇದ್ದಿರಬೇಕು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅಂದು ಸಂಜೆ ಆಕಾಶ ತಿಳಿಯಾಗಿತ್ತು. ಪಶ್ಚಿಮದಲ್ಲಿ ಶುಕ್ರ ಮತ್ತು ಶನಿ ಅಕ್ಕಪಕ್ಕದಲ್ಲೇ ಇದ್ದವು. ದೂರದರ್ಶಕದಲ್ಲಿ ಶುಕ್ರ ಅರ್ಧ ಚಂದ್ರನಂತೆ ಕಂಡಿತು. ಶನಿಯ ಉಂಗುರ ಆ ತಿಂಗಳು ನಮ್ಮ ಕಡೆಗೆ ಹೆಚ್ಚುಕಡಿಮೆ ಅಂಚು ತಿರುಗಿಸಿತ್ತು, ಹಾಗಾಗಿ ಗ್ರಹಕ್ಕೆ ಸೂಜಿ ಚುಚ್ಚಿದಂತೆ ಕಾಣುತ್ತಿತ್ತು. ಹೈಸ್ಕೂಲಿನ ಮಕ್ಕಳು, ಅವರ ತಾಯಂದಿರು, ನಮ್ಮವರು ಎಲ್ಲ ಸೇರಿ ಸಾಲು ಬೇವಿನ ಮರ ದಾಟಿತ್ತು. ಸಾಲು ನೋಡಿಕೊಳ್ಳುತ್ತಿದ್ದವರು ನಮ್ಮ ಚಾಚಾ. ಯಾವ ಚಾಚಾ ಎಂದು ನಿಮಗೆ ಹೇಳಬೇಕಾಗಿಲ್ಲ. ಗಂಟೆ ಹೊಡೆಯುವವರು, ಲ್ಯಾಬಿನ ಬೀಗ ತೆಗೆಯುವವರು, ಈ ಮಾರ್ಚ್ ಕೊನೆಗೆ ನಿವೃತ್ತರಾಗುತ್ತಿರುವವರು. ಬೆಂಚು ಹೊತ್ತು ತಂದವರೂ ಅವರೇ, ಚಿಕ್ಕ ಮಕ್ಕಳನ್ನು ಎತ್ತಿ ಹಿಡಿದು ತೋರಿಸಿದವರೂ ಅವರೇ. "ನೀವೂ ನೋಡಿ ಚಾಚಾ" ಎಂದರೆ "ಮಕ್ಕಳದ್ದು ಮುಗೀಲಿ" ಎನ್ನುತ್ತಿದ್ದರು.

ಸುಮಾರು ನಲವತ್ತು ನಿಮಿಷವಾಗಿತ್ತು. ಮೇಡಂ ಗುರು ಗ್ರಹ ತೋರಿಸೋಣ ಎಂದರು. "ಈಗಲಾದರೂ ಬನ್ನಿ" ಎಂದು ಚಾಚಾ ಕೈ ಹಿಡಿದು ಮುಂದೆ ನಿಲ್ಲಿಸಿದೆ. ಗುಂಡಿ ಒತ್ತಿದೆ. ಶನಿ ಪಶ್ಚಿಮದಲ್ಲಿ ಕೆಳಗಿತ್ತು, ಗುರು ಮೇಲೆ ನೆತ್ತಿಯ ಕಡೆ. ಎರಡೂ ಮೋಟಾರುಗಳು ಜೋರಾಗಿ ತಿರುಗತೊಡಗಿದವು. ಅರ್ಧ ದಾರಿಯಲ್ಲಿ ಸದ್ದು ಬದಲಾಯಿತು, ಕೈಯಲ್ಲಿದ್ದ ಕಂಟ್ರೋಲರಿನ ದೀಪ ಆರಿ ಮತ್ತೆ ಹತ್ತಿತು. ಪರದೆಯ ಮೇಲೆ ಮೊದಲಿನಿಂದ ದಿನಾಂಕ, ಸಮಯ ಕೇಳಲು ಶುರುಮಾಡಿತು. ಕರೆಂಟು ಒಂದು ಕ್ಷಣ ತಪ್ಪಿದರೂ ಮೌಂಟ್ ತಾನು ಎತ್ತ ನೋಡುತ್ತಿದ್ದೇನೆಂಬುದನ್ನೇ ಮರೆತುಬಿಡುತ್ತದೆ. ಮತ್ತೆ ಎರಡು ನಕ್ಷತ್ರ ಹಿಡಿದು ದಾರಿ ತೋರಿಸಬೇಕು. ಹಾಗೆ ಮೂರು ಸಲ ಮಾಡಿದೆ. ಮೂರು ಸಲವೂ ಮೋಟಾರು ಓಡತೊಡಗಿದೊಡನೆ ದೀಪ ಆರಿತು. ನಾಲ್ಕನೆಯ ಸಲ ಹತ್ತಲೇ ಇಲ್ಲ.

ಜನ ಚದುರಿದರು. ಯಾರೂ ಬೈಯಲಿಲ್ಲ. ಚಾಚಾ ಬೆಂಚು ಎತ್ತಿಕೊಳ್ಳುತ್ತ, "ಹೋಗ್ಲಿ ಬಿಡು ಬೇಟಿ, ಗುರು ಎಲ್ಲಿ ಓಡಿಹೋಗ್ತಾನೆ?" ಎಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮನೆಗೆ ಹೋಗಿ ಬ್ಯಾಟರಿಯನ್ನು ಅಬ್ಬಾ ಮುಂದಿಟ್ಟೆ. ಅವರು ಏನೂ ಕೇಳದೆ ಅಂಗಡಿಗೆ ಒಯ್ದು ರಾತ್ರಿಯಿಡೀ ಚಾರ್ಜಿಗೆ ಹಾಕಿದರು. ಭಾನುವಾರ ಬೆಳಿಗ್ಗೆ ನನ್ನನ್ನೂ ಕರೆದರು. ಮೀಟರ್ ಮತ್ತೆ 12.6 ತೋರಿಸಿತು. "ನೋಡಿ, ಚೆನ್ನಾಗೇ ಇದೆಯಲ್ಲ" ಎಂದೆ. ಅಬ್ಬಾ ಒಂದು ಬೈಕಿನ ಹೆಡ್‌ಲೈಟ್ ಬಲ್ಬನ್ನು ಅದಕ್ಕೆ ಜೋಡಿಸಿದರು. 35 ವ್ಯಾಟಿನ ಬಲ್ಬು, ಸುಮಾರು ಮೂರು ಆಂಪಿಯರ್ ಎಳೆಯುತ್ತದೆ. ಮೀಟರ್ ಒಮ್ಮೆಗೇ 10.9ಕ್ಕೆ ಇಳಿಯಿತು. ಒಂದು ನಿಮಿಷದಲ್ಲಿ 9.8. ಬಲ್ಬು ಕಣ್ಣೆದುರೇ ಕೆಂಪಾಗುತ್ತ ಬಂತು.

ಅಬ್ಬಾ ಹೇಳಿದ್ದು ನಮ್ಮ ಮನೆಯ ಉರ್ದುವಿನಲ್ಲಿ, ಕನ್ನಡದಲ್ಲಿ ಬರೆದರೆ ಹೀಗೆ: "ಗೂಟಕ್ಕೆ ಕಟ್ಟಿದ ಎತ್ತು ನೋಡೋಕೆ ಯಾವಾಗಲೂ ಚೆನ್ನಾಗೇ ಇರುತ್ತೆ. ನೊಗ ಹೊರಿಸಿದಾಗ ಅದರ ಬಲ ಗೊತ್ತಾಗೋದು."

ನನಗೆ ತಲೆಗೆ ಹೊಡೆದಂತಾಯಿತು. ದ್ವಿತೀಯ ಪಿಯುಸಿಯ ಪ್ರವಾಹ ವಿದ್ಯುತ್ ಅಧ್ಯಾಯದಲ್ಲಿ ಇದೇ ಇದೆ. ಬ್ಯಾಟರಿಯ ತುದಿಗಳಲ್ಲಿ ಸಿಗುವ ವೋಲ್ಟೇಜ್ ಎಂದರೆ ಅದರ ಇಎಂಎಫ್‌ನಿಂದ, ಪ್ರವಾಹ ಮತ್ತು ಆಂತರಿಕ ರೋಧದ ಗುಣಲಬ್ಧವನ್ನು ಕಳೆದು ಉಳಿದದ್ದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಯುಪಿಎಸ್‌ನಲ್ಲಿ ವರ್ಷಗಟ್ಟಲೆ ಹಗಲು ರಾತ್ರಿ ಚಾರ್ಜಿನಲ್ಲೇ ಬಿಸಿಯಾಗಿ ಕೂತ ಬ್ಯಾಟರಿಯಲ್ಲಿ ಆಂತರಿಕ ರೋಧ ಏರಿರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ, ಅಷ್ಟೇ.

ಆಮೇಲೆ ಅಬ್ಬಾ ಒಂದೊಂದಾಗಿ ಕೇಳುತ್ತ ಹೋದರು. "ಮೋಟಾರು ಜೋರಾಗಿ ಓಡುವಾಗ ಎಷ್ಟು ಎಳೆಯುತ್ತೆ?" ನಾನು ಅಳೆದಿರಲಿಲ್ಲ. ಸುಮ್ಮನೆ ನಕ್ಷತ್ರದ ಹಿಂದೆ ಹೋಗುವಾಗಿನ ಅರ್ಧ ಆಂಪಿಯರನ್ನೇ ನಂಬಿದ್ದೆ. ಸೋಮವಾರ ಲ್ಯಾಬಿನಲ್ಲಿ ಅಳೆದಾಗ ಎರಡೂ ಮೋಟಾರು ಓಡುವಾಗ 1.4 ಆಂಪಿಯರ್ ಇತ್ತು. "ಯಾವ ತಂತಿ ಹಾಕಿದ್ದೆ?" ಅರ್ಧ ಚದರ ಮಿಲಿಮೀಟರಿನ ಸ್ಪೀಕರ್ ತಂತಿ, ಐದು ಮೀಟರ್. ಹೋಗಿ ಬರುವ ದಾರಿ ಸೇರಿ ಹತ್ತು ಮೀಟರ್ ತಾಮ್ರ. ಅದರ ರೋಧ ಸುಮಾರು 0.35 ಓಮ್. 1.4 ಆಂಪಿಯರ್ ಹರಿದರೆ ಅರ್ಧ ವೋಲ್ಟನ್ನು ತಂತಿಯೇ ತಿಂದುಹಾಕುತ್ತದೆ. 11 ವೋಲ್ಟಿಗಿಂತ ಕೆಳಗಿಳಿದರೆ ನಿಲ್ಲುವ ಯಂತ್ರಕ್ಕೆ ಅರ್ಧ ವೋಲ್ಟು ಸಣ್ಣದಲ್ಲ.

"ಏಳು ಅಂತ ಬರೆದಿದ್ದಾರಲ್ಲ, ಅದು ಯಾವ ಲೆಕ್ಕ?" ಇದೂ ಗೊತ್ತಿರಲಿಲ್ಲ. ಇಂಥ ಸೀಸ-ಆಮ್ಲದ ಬ್ಯಾಟರಿಗಳ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಇಪ್ಪತ್ತು ಗಂಟೆಯ ಲೆಕ್ಕ. 0.35 ಆಂಪಿಯರ್‌ನಂತೆ ಇಪ್ಪತ್ತು ಗಂಟೆ ಎಳೆದರೆ ಏಳು. ಹೆಚ್ಚು ಎಳೆದರೆ ಏಳೂ ಸಿಗುವುದಿಲ್ಲ. ಜೊತೆಗೆ ಅದನ್ನು ಪೂರ್ತಿ ಖಾಲಿ ಮಾಡಬಾರದು, ಅರ್ಧಕ್ಕೆ ನಿಲ್ಲಿಸಿದರೆ ಬಾಳಿಕೆ ಬರುತ್ತದೆ. ಅಂದರೆ ಹೊಸ ಬ್ಯಾಟರಿಯಾದರೂ ನಾನು ನಂಬಬೇಕಾದದ್ದು ಮೂರೂವರೆಯನ್ನು ಮಾತ್ರ.

ಹೀಗೆ ಸರಿಯಾದ ಲೆಕ್ಕ ಮಾಡಿದೆವು. ನಾಲ್ಕು ಗಂಟೆಗೆ ಅರ್ಧ ಆಂಪಿಯರ್‌ನಂತೆ ಎರಡು ಆಂಪಿಯರ್-ಅವರ್. ಅಲ್ಲಿಂದಿಲ್ಲಿಗೆ ತಿರುಗುವ ಕೆಲಸ ಎಲ್ಲ ಸೇರಿ ಅರ್ಧ ಗಂಟೆ ಎಂದರೆ ಇನ್ನೊಂದು ಅರ್ಧ. ಒಟ್ಟು ಎರಡೂವರೆ. ಕೈಯಲ್ಲಿ ಎರಡರಷ್ಟು ಇರಲಿ ಎಂದರೆ ಐದು. ವಿಜ್ಞಾನ ಸಂಘದ ಡಬ್ಬಿಯಲ್ಲಿ ಇದ್ದದ್ದು 2,500 ರೂಪಾಯಿ.

ಆ ವಾರ ನಮ್ಮ ತರಗತಿಯಲ್ಲಿ ಎಲ್ಲರೂ ಬ್ಯಾಟರಿ ಪಂಡಿತರೇ. ಒಬ್ಬ ಗೆಳೆಯ ಕಾರಿನ ಬ್ಯಾಟರಿ ತರುತ್ತೇನೆಂದ. ಅದು ಹತ್ತು ಕಿಲೋ ಆಸುಪಾಸು ತೂಗುತ್ತದೆ, ವಾಲಿದರೆ ಆಸಿಡ್ ಚೆಲ್ಲಬಹುದು. ಮುಖ್ಯವಾಗಿ ಅದನ್ನು ಮಾಡಿರುವುದು ಎಂಜಿನ್ ಸ್ಟಾರ್ಟ್ ಮಾಡುವಾಗ ಕೆಲವು ಕ್ಷಣ ಭಾರಿ ಪ್ರವಾಹ ಕೊಡಲಿಕ್ಕೆ, ಗಂಟೆಗಟ್ಟಲೆ ನಿಧಾನವಾಗಿ ಖಾಲಿಯಾಗಲಿಕ್ಕಲ್ಲ. ಗೆಳತಿಯೊಬ್ಬಳು 20,000 ಎಂಎಎಚ್ ಪವರ್ ಬ್ಯಾಂಕ್ ಸಾಲದೇ ಎಂದಳು. ಕೇಳಲು ಇಪ್ಪತ್ತು ಆಂಪಿಯರ್-ಅವರ್! ಆದರೆ ಆ ಸಂಖ್ಯೆ ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. ಗುಣಿಸಿದರೆ 74 ವ್ಯಾಟ್-ಅವರ್. ಅದನ್ನೇ 12 ವೋಲ್ಟಿಗೆ ಭಾಗಿಸಿದರೆ ಆರು ಚಿಲ್ಲರೆ, ಬದಲಾಯಿಸುವಾಗಿನ ನಷ್ಟ ಕಳೆದರೆ ಐದರ ಹತ್ತಿರ. ಸಾಲುತ್ತಿತ್ತು. ಆದರೆ ಪವರ್ ಬ್ಯಾಂಕ್ ಸಾಮಾನ್ಯವಾಗಿ ಕೊಡುವುದು 5 ವೋಲ್ಟ್. ಟೈಪ್-ಸಿಯ ವೇಗದ ಚಾರ್ಜಿಂಗ್ ಇರುವವುಗಳಲ್ಲೂ 12 ವೋಲ್ಟ್ ಇದ್ದೇ ಇರುತ್ತದೆಂದು ಹೇಳುವಂತಿಲ್ಲ. ನಡುವೆ ಇನ್ನೊಂದು ಸಾಧನ ಬೇಕು, ಕೆಡಲು ಇನ್ನೊಂದು ಜಾಗ ಆಯಿತು.

ಉಳಿದದ್ದು ಎರಡು. ಸಾವಿರ ರೂಪಾಯಿ ಆಸುಪಾಸಿನ ಹೊಸ 7 ಆಂಪಿಯರ್-ಅವರ್ ಸೀಸದ ಬ್ಯಾಟರಿ, ಇಲ್ಲವೇ ಎರಡು ಸಾವಿರದೊಳಗೆ ಸಿಗುವ, ಸೋಲಾರ್ ಬೀದಿದೀಪಕ್ಕೆ ಹಾಕುವ 12.8 ವೋಲ್ಟ್, 6 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಸೀಸದ್ದು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು, ಲಾರಿಯಿಂದ ಇನ್ವರ್ಟರ್‌ವರೆಗೆ ಇಂದಿಗೂ ದುಡಿಯುತ್ತಿದೆ. ಎರಡನೆಯದು 1990ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಜಾನ್ ಗುಡ್‌ಎನಫ್ ಅವರ ಪ್ರಯೋಗಾಲಯದಿಂದ ಬಂದದ್ದು. ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ ಅವರಿಗೆ ನೊಬೆಲ್ ಬಂದಾಗ, 2019ರಲ್ಲಿ, ವಯಸ್ಸು 97.

ನಾನು ಅಗ್ಗದ್ದೇ ಸಾಕೆಂದೆ. ಎರಡೂವರೆ ಬೇಕು, ಮೂರೂವರೆ ಇದೆ. ಆಗ ಅಬ್ಬಾ ಕೇಳಿದ ಪ್ರಶ್ನೆ ಯಾವ ಪಠ್ಯಪುಸ್ತಕದಲ್ಲೂ ಇರಲಾರದು: "ಏಪ್ರಿಲ್, ಮೇ ರಜೆಯಲ್ಲಿ ಇದನ್ನು ಯಾರು ನೋಡ್ಕೋತಾರೆ?"

ಸೀಸದ ಬ್ಯಾಟರಿ ಸುಮ್ಮನೆ ಕೂತರೂ ನಿಧಾನವಾಗಿ ಖಾಲಿಯಾಗುತ್ತದೆ. ಅರೆಖಾಲಿಯಾಗಿ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಮೇಲೇಳುವುದಿಲ್ಲ. ಅಬ್ಬಾ ಅಂಗಡಿಗೆ ಬರುವ ಸತ್ತ ಬ್ಯಾಟರಿಗಳಲ್ಲಿ ದುಡಿದು ಸತ್ತವುಗಳಿಗಿಂತ ಯಾರೂ ನೋಡದೆ ಸತ್ತವೇ ಹೆಚ್ಚಂತೆ. ನಮ್ಮ ಟೆಲಿಸ್ಕೋಪ್ ವರ್ಷಕ್ಕೆ ಏಳೆಂಟು ರಾತ್ರಿ ಹೊರಬರುತ್ತದೆ. ಪರೀಕ್ಷೆ, ರಜೆ, ಮಳೆಗಾಲ ಎಂದು ಉಳಿದ ದಿನಗಳೆಲ್ಲ ಬೀರುವಿನಲ್ಲೇ. ಲಿಥಿಯಂ ಐರನ್ ಫಾಸ್ಫೇಟ್ ಹಾಗೆ ಕೂತರೆ ಅಷ್ಟು ಬೇಗ ಇಳಿಯುವುದಿಲ್ಲ. ದುಡಿಯುವಾಗಲೂ ಬಹುಪಾಲು ಹೊತ್ತು 13 ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಏಳರ ಸೀಸದ್ದು ಎರಡು ಕಿಲೋ ಮೇಲಿದ್ದರೆ ಇದು ಒಂದು ಕಿಲೋಗಿಂತ ಕಡಿಮೆ. ದೋಷವೂ ಇದೆ. ಮುಗಿಯುವ ಮುಂಚೆ ಎಚ್ಚರಿಕೆ ಕೊಡದೆ ಒಳಗಿನ ರಕ್ಷಣಾ ಸರ್ಕ್ಯೂಟ್ ಥಟ್ಟನೆ ನಿಲ್ಲಿಸಿಬಿಡುತ್ತದೆ. 14.6 ವೋಲ್ಟಿನ ಅದರದ್ದೇ ಚಾರ್ಜರ್ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು. ಆದರೆ ಆ ಚಿಂತೆ ಲಡಾಖಿನ ಹಾನ್ಲೆ ವೀಕ್ಷಣಾಲಯದವರಿಗೆ, ದಾವಣಗೆರೆಯವರಿಗಲ್ಲ.

ಲಿಥಿಯಂ ಬ್ಯಾಟರಿಯನ್ನೇ ಕೊಂಡೆವು. ಅಬ್ಬಾ ಒಂದೂವರೆ ಚದರ ಮಿಲಿಮೀಟರಿನ ದಪ್ಪ ತಂತಿಯನ್ನು ಎರಡೇ ಮೀಟರ್ ಕತ್ತರಿಸಿ ಕೊಟ್ಟರು. ಪ್ಲಸ್ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ, ಬೈಕಿಗೆ ಹಾಕುವಂಥ 3 ಆಂಪಿಯರ್ ಫ್ಯೂಸ್ ಹಾಕಿಸಿದರು. ಮೌಂಟ್‌ಗೆ ಚುಚ್ಚುವ ಪಿನ್ನಿನ ನಡುವೆ ಪ್ಲಸ್ ಬರಬೇಕು. ಅದನ್ನು ಮೀಟರ್ ಇಟ್ಟು ಎರಡು ಸಲ ನೋಡುವವರೆಗೆ ಮೌಂಟ್ ಹತ್ತಿರ ತರಲು ಬಿಡಲಿಲ್ಲ. ಕೊನೆಗೆ ಅದೇ ಹೆಡ್‌ಲೈಟ್ ಬಲ್ಬು. ಹತ್ತು ನಿಮಿಷ ಉರಿದರೂ ಮೀಟರ್ 13ರ ಹತ್ತಿರದಿಂದ ಅಲುಗಲಿಲ್ಲ.

ಫೆಬ್ರವರಿ 1ರ ಶನಿವಾರ ಮತ್ತೆ ಮೈದಾನಕ್ಕೆ ಹೋದೆವು. ಅಮಾವಾಸ್ಯೆ ಕಳೆದು ಮೂರು ದಿನವಾಗಿತ್ತು. ಎಳೆಯ ಚಂದ್ರ ಶುಕ್ರನ ಪಕ್ಕದಲ್ಲೇ ಬಂದು ಕೂತಿದ್ದ. ಈ ಸಲ ಮೇಡಂ ಒಂದು ನಿಯಮ ಮಾಡಿದ್ದರು: ಮೌಂಟ್ ಸರಿಯಾಗಿದೆಯೇ ಎಂದು ಪರೀಕ್ಷಿಸುವವರು ಚಾಚಾ, ಅವರು ನೋಡಿ ಸರಿ ಎಂದ ಮೇಲೆಯೇ ಸಾಲು ಶುರು. ಚಾಚಾಗೆ ಬೇಡ ಎನ್ನಲು ದಾರಿಯೇ ಇರಲಿಲ್ಲ.

ಅವರು ಟೋಪಿ ಹಿಂದಕ್ಕೆ ಸರಿಸಿ ಬಗ್ಗಿ ನೋಡಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಗುಂಡಿ ಗುಂಡಿ ಕಾಣ್ತಿದೆ... ನಿಂತಲ್ಲೇ ನಿಂತಿದೆಯಲ್ಲ ಬೇಟಿ" ಎಂದರು. ಮೇಡಂ ನನಗೆ ಸನ್ನೆ ಮಾಡಿದರು. ನಾನು ಮೋಟಾರು ನಿಲ್ಲಿಸಿದೆ. "ಅರೆ, ಓಡ್ತಿದ್ದಾನೆ!" ಎಂದು ಚಾಚಾ ಸ್ಟ್ಯಾಂಡ್ ಹಿಡಿದುಕೊಂಡರು. "ಚಂದ್ರ ಅಲ್ಲ ಚಾಚಾ, ಓಡ್ತಿರೋದು ನಾವು" ಎಂದೆ. ಅವರು ತಲೆಯೆತ್ತಿ ಒಮ್ಮೆ ನೆಲ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಇಷ್ಟು ವರ್ಷ ಗಂಟೆ ಹೊಡೆದೆ, ಇದು ಗೊತ್ತೇ ಆಗ್ಲಿಲ್ಲ" ಎಂದು ನಕ್ಕರು.

ಅಂದು ಗುರುವನ್ನೂ ನೋಡಿದರು, ಮೃಗಶಿರದ ಬೇಟೆಗಾರನ ಕತ್ತಿಯಲ್ಲಿರುವ ನೀಹಾರಿಕೆಯ ಮಬ್ಬು ಬೆಳಕನ್ನೂ ನೋಡಿದರು. ಹತ್ತೂವರೆಗೆ ಮುಗಿಸಿದಾಗ ಮೀಟರ್ 13ಕ್ಕಿಂತ ಮೇಲೆಯೇ ಇತ್ತು. ಅಂಗಡಿ ಮುಚ್ಚಿ ಬಂದಿದ್ದ ಅಬ್ಬಾ ಸಾಲಿನ ಕೊನೆಯಲ್ಲಿ ನಿಂತು ನೋಡಿದರು. ಅವರು ಮೊದಲು ನೋಡಿದ್ದು ಗ್ರಹವನ್ನಲ್ಲ, ತಂತಿ ಬಿಸಿಯಾಗಿದೆಯೇ ಎಂದು ಮುಟ್ಟಿ. ಮೇಡಂ ಅವರನ್ನು ಎಲ್ಲರಿಗೂ ಪರಿಚಯಿಸುವಾಗ "ಇವರ ತಂದೆ ಏನು ಮಾಡ್ತಾರೆ, ನೀನೇ ಹೇಳು" ಎಂದರು. ಇಷ್ಟು ದಿನ ಕಾಲೇಜಿನ ಫಾರಂಗಳಲ್ಲಿ "ವ್ಯಾಪಾರ" ಎಂದು ಬರೆಯುತ್ತಿದ್ದವಳು ಅಂದು "ಬ್ಯಾಟರಿ ರಿಪೇರಿ" ಎಂದೆ.

ಮುಂದಿನ ವರ್ಷದವರಿಗೆ: ಬ್ಯಾಟರಿ ಭೌತಶಾಸ್ತ್ರ ಲ್ಯಾಬಿನ ಎರಡನೆಯ ಬೀರುವಿನಲ್ಲಿದೆ. ಅದರ ಚಾರ್ಜರ್ ಅದರ ಜೊತೆಗೇ ಇದೆ, ಬೇರೆಯದನ್ನು ಹಾಕಬೇಡಿ. ಮೂರು ತಿಂಗಳಿಗೊಮ್ಮೆ ಚಾರ್ಜ್ ನೋಡಿ. ಕಾರ್ಯಕ್ರಮದ ಹಿಂದಿನ ದಿನ ಮೀಟರ್ ಮಾತ್ರ ನಂಬದೆ, ಡಬ್ಬದಲ್ಲಿರುವ ಬಲ್ಬನ್ನು ಹತ್ತು ನಿಮಿಷ ಉರಿಸಿ ನೋಡಿ. ಈ ರಜೆಯ ಚಿಂತೆ ಬೇಡ. ನಿವೃತ್ತಿಯಾದರೂ ಮನೆ ಇಲ್ಲೇ ಹಿಂದಿನ ಬೀದಿಯಲ್ಲಲ್ಲವೇ ಎಂದು ಚಾಚಾ ಮೇ ತಿಂಗಳಲ್ಲೊಮ್ಮೆ ಬಂದು ನೋಡುವುದಾಗಿ ಹೇಳಿದ್ದಾರೆ. ಚಾರ್ಜರಿನ ಹಸಿರು ದೀಪ ಯಾವುದು, ಕೆಂಪು ಯಾವುದು ಎಂದು ನನ್ನಿಂದ ಎರಡು ಸಲ ಕೇಳಿ ತಿಳಿದುಕೊಂಡಿದ್ದಾರೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ